ಸಬ್ಬತ್ ದಿನ ಮತ್ತು ಪಂದ್ಯದ ವೇಳಾಪಟ್ಟಿ: ಅಮೆರಿಕದ ಕಾಲೇಜು ಕ್ರೀಡಾಪಟುಗಳಿಗೆ ಕೈಪಿಡಿ

ಅಮೆರಿಕದ ಕಾಲೇಜು ಕ್ರೀಡೆ ನಡೆಯುವುದೇ ವಾರದ ಕೊನೆಯಲ್ಲಿ. ಅಮೆರಿಕನ್ ಫುಟ್‌ಬಾಲ್ ಎಂದರೆ ಶನಿವಾರ. ಬೇಸ್‌ಬಾಲ್ ಸರಣಿ ಸಾಮಾನ್ಯವಾಗಿ ಶುಕ್ರ, ಶನಿ, ಭಾನುವಾರ. ಅಥ್ಲೆಟಿಕ್ಸ್ ಕೂಟಗಳು ಬಹುತೇಕ ಶುಕ್ರ ಮತ್ತು ಶನಿವಾರ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗೆ ಶಬ್ಬಾತ್ (ಕೆಲಸ ಬಿಟ್ಟು ದೇವರಿಗೆ ಮೀಸಲಿಡುವ ವಾರದ ವಿಶ್ರಾಂತಿ ದಿನ) ಆಚರಿಸುವ ಯಹೂದಿ ವಿದ್ಯಾರ್ಥಿಗೂ, ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ ಅದನ್ನೇ ಸಬ್ಬತ್ ಎಂದು ಪಾಲಿಸುವ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದ ಕ್ರೈಸ್ತ ವಿದ್ಯಾರ್ಥಿಗೂ, ಭಾನುವಾರ ಆಡದ ಮಾರ್ಮನ್ ಪಂಥದ ವಿದ್ಯಾರ್ಥಿಗೂ ಒಂದಲ್ಲ ಒಂದು ಪಂದ್ಯ ಅಡ್ಡ ಬಂದೇ ಬರುತ್ತದೆ. ಬಸ್ ಹೊರಡುವ ಶುಕ್ರವಾರ ಮಧ್ಯಾಹ್ನ ಕೋಚ್ ಹತ್ತಿರ ಈ ಮಾತು ತೆಗೆದರೆ ಇಬ್ಬರಿಗೂ ದಾರಿ ಉಳಿದಿರುವುದಿಲ್ಲ. ಸ್ಕಾಲರ್‌ಶಿಪ್‌ಗೆ ಸಹಿ ಹಾಕುವ ಮುಂಚೆಯೇ, ಗಂಟೆ ನಿಮಿಷಗಳ ಲೆಕ್ಕದಲ್ಲಿ, ಬರಹದಲ್ಲಿ ಇತ್ಯರ್ಥವಾಗಬೇಕಾದ ವಿಷಯ ಇದು.

ನಿಮ್ಮ ಗೆರೆ ಎಲ್ಲಿದೆ?

ಕೋಚ್ ಜೊತೆ ಮಾತಾಡುವ ಮೊದಲು ನಿಮ್ಮ ರಬ್ಬಿ (ಯಹೂದಿ ಧರ್ಮಗುರು) ಅಥವಾ ಪಾಸ್ಟರ್ ಜೊತೆ ಕೂತು, ನೀವು ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಎಂದು ಒಂದು ಪುಟದಲ್ಲಿ ಬರೆದುಕೊಳ್ಳಿ. ಒಂದೇ ಧರ್ಮದೊಳಗೂ ಗೆರೆ ಬೇರೆ ಬೇರೆ ಕಡೆ ಬೀಳುತ್ತದೆ. 2021ರ ಮೇಜರ್ ಲೀಗ್ ಬೇಸ್‌ಬಾಲ್ ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಇಬ್ಬರು ಆರ್ಥಡಾಕ್ಸ್ (ಸಂಪ್ರದಾಯನಿಷ್ಠ) ಯಹೂದಿ ಹುಡುಗರು ಆಯ್ಕೆಯಾದರು. ಜೇಕಬ್ ಸ್ಟೈನ್‌ಮೆಟ್ಜ್ ಶಬ್ಬಾತ್ ದಿನವೂ ಆಡುತ್ತಾರೆ, ಆದರೆ ವಾಹನ ಹತ್ತದೆ ಮೈದಾನಕ್ಕೆ ನಡೆದು ಹೋಗುತ್ತಾರೆ. ಎಲೀ ಕ್ಲಿಗ್ಮನ್ ಶಬ್ಬಾತ್‌ನಲ್ಲಿ ಆಡುವುದೇ ಇಲ್ಲ ಎಂದು ಮೊದಲೇ ಹೇಳಿದ್ದರು. ಎರಡೂ ಸ್ಪಷ್ಟ ನಿಲುವುಗಳೇ. ಕೋಚ್‌ಗೆ ತಂಡ ಕಟ್ಟಲು ಬೇಕಾಗಿರುವುದು ಆ ಸ್ಪಷ್ಟತೆ.

ಪುಟದಲ್ಲಿ ಈ ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಇರಲಿ: ಪಂದ್ಯ ಆಡುತ್ತೀರಾ? ಅಭ್ಯಾಸ? ವಿಡಿಯೊ ನೋಡುವ ಸಭೆ? ಆಡದಿದ್ದರೂ ತಂಡದ ಜೊತೆ ಕೂರುತ್ತೀರಾ? ವಾಹನ, ವಿಮಾನ? ಫೋನ್? ಸಹಿ ಹಾಕುವುದು? ಫಿಸಿಯೋ ಚಿಕಿತ್ಸೆ? "ಸಾಧ್ಯವಾದರೆ", "ನೋಡೋಣ" ಎಂಬ ಉತ್ತರ ಬರೆದ ಜಾಗದಲ್ಲೇ ಮುಂದೆ ಜಗಳ ಆಗುವುದು. ಹಾಗೆಯೇ, ಲೀಗ್ ಪಂದ್ಯಕ್ಕೆ ಬರುವುದಿಲ್ಲ ಎಂದು ಹೇಳಿ ಫೈನಲ್‌ಗೆ ಮಾತ್ರ ಬಂದರೆ, ಮುಂದಿನ ವರ್ಷ ನಿಮ್ಮ ಮಾತಿಗೆ ತೂಕ ಇರುವುದಿಲ್ಲ. ನಿಮ್ಮ ನಂತರ ಅದೇ ಕಾಲೇಜಿಗೆ ಬರುವ ಹುಡುಗಿಯ ಮಾತಿಗೂ ಇರುವುದಿಲ್ಲ.

ನಿಮಿಷದ ಲೆಕ್ಕ

ಯಹೂದಿ ಪದ್ಧತಿಯಲ್ಲಿ ಮೇಣದಬತ್ತಿ ಹಚ್ಚಿ ಶಬ್ಬಾತ್ ಆರಂಭಿಸುವುದು ಹೆಚ್ಚಿನ ಕಡೆ ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು. ಶಬ್ಬಾತ್ ಮುಗಿಯುವುದು ಶನಿವಾರ ಕತ್ತಲಾದ ಮೇಲೆ. ಆಯಾ ಸಮುದಾಯದ ಲೆಕ್ಕದಂತೆ ಸೂರ್ಯಾಸ್ತವಾಗಿ ಸುಮಾರು 42ರಿಂದ 72 ನಿಮಿಷದ ನಂತರ. ಒಟ್ಟು 25 ಗಂಟೆಯ ಆಸುಪಾಸು. ಅಡ್ವೆಂಟಿಸ್ಟರಿಗೆ ಸೂರ್ಯಾಸ್ತದಿಂದ ಸೂರ್ಯಾಸ್ತಕ್ಕೆ ಸುಮಾರು 24 ಗಂಟೆ. ನ್ಯೂಯಾರ್ಕ್‌ನಲ್ಲಿ ಡಿಸೆಂಬರ್ ಮೊದಲ ವಾರ ಸೂರ್ಯ ಮುಳುಗುವುದು 4:28ರ ಸುಮಾರಿಗೆ, ಜೂನ್ ಕೊನೆಯಲ್ಲಿ 8:31ಕ್ಕೆ. ಈ ನಾಲ್ಕು ಗಂಟೆಯ ವ್ಯತ್ಯಾಸದಿಂದಲೇ ಒಂದು ಕ್ರೀಡೆ ಸುಲಭವಾಗುತ್ತದೆ, ಇನ್ನೊಂದು ಕಷ್ಟವಾಗುತ್ತದೆ. ಚಳಿಗಾಲದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಶನಿವಾರ ಸಂಜೆ 7ರ ಪಂದ್ಯ ಸಿಗುತ್ತದೆ, ಶುಕ್ರವಾರ ಸಂಜೆಯದು ಸಿಗುವುದಿಲ್ಲ. ವಸಂತದ ಬೇಸ್‌ಬಾಲ್‌ನಲ್ಲಿ ಶುಕ್ರವಾರ ಮಧ್ಯಾಹ್ನದ ಪಂದ್ಯ ಸಿಗುತ್ತದೆ, ಶನಿವಾರದ್ದು ಪೂರ್ತಿ ಹೋಗುತ್ತದೆ.

ಶುಕ್ರವಾರದ ಪಂದ್ಯಕ್ಕೆ ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಮಾಡಿ. ಮಾರ್ಚ್ ಮೊದಲ ವಾರ ಮೇಣದಬತ್ತಿಯ ಹೊತ್ತು 5:34 ಎಂದುಕೊಳ್ಳಿ. ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ 2 ಗಂಟೆ, ಒಂದು ಓವರ್‌ಟೈಮ್‌ಗೆ 15 ನಿಮಿಷ, ಸ್ನಾನ ಮತ್ತು ಪತ್ರಕರ್ತರಿಗೆ 30 ನಿಮಿಷ, ಹೋಟೆಲ್ ತಲುಪಲು 20 ನಿಮಿಷ, ಅನಿರೀಕ್ಷಿತಕ್ಕೆ 30 ನಿಮಿಷ. ಒಟ್ಟು 3 ಗಂಟೆ 35 ನಿಮಿಷ. ಅಂದರೆ ಪಂದ್ಯ 1:59ಕ್ಕಾದರೂ ಶುರುವಾಗಬೇಕು. ಕೋಚ್‌ಗೆ "ಮಧ್ಯಾಹ್ನ ಬೇಗ ಇದ್ದರೆ ಒಳ್ಳೆಯದು" ಎಂದು ಬರೆಯಬೇಡಿ, "2 ಗಂಟೆ ದಾಟಬಾರದು" ಎಂದು ಬರೆಯಿರಿ. 2020ರ ಮಾರ್ಚ್‌ನಲ್ಲಿ ಯಹೂದಿಗಳ ಯೆಶಿವಾ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ, ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ) ನಡೆಸುವ ಡಿವಿಷನ್ 3, ಅಂದರೆ ಮೂರನೇ ದರ್ಜೆಯ, ಟೂರ್ನಿಯ ಮೊದಲ ಪಂದ್ಯವನ್ನು ಶುಕ್ರವಾರ ಮಧ್ಯಾಹ್ನ ಮುಗಿಸಿ, ಎರಡನೆಯದನ್ನು ಶಬ್ಬಾತ್ ಕಳೆದ ಮೇಲೆ ಶನಿವಾರ ರಾತ್ರಿ ಆಡಿತು.

ಎರಡು ಕಡೆ ಲೆಕ್ಕ ತಪ್ಪುತ್ತದೆ. ಒಂದು ಗಡಿಯಾರ ಬದಲಾಗುವ ವಾರ: ನವೆಂಬರ್‌ನ ಮೊದಲ ಭಾನುವಾರದ ನಂತರದ ಶುಕ್ರವಾರ ಸೂರ್ಯಾಸ್ತ ಒಂದೇ ಸಲ ಒಂದು ಗಂಟೆಗೂ ಹೆಚ್ಚು ಬೇಗ ಆಗಿಬಿಡುತ್ತದೆ, ಆದರೆ ಅಭ್ಯಾಸದ ವೇಳೆ ಹಳೆಯದೇ ಇರುತ್ತದೆ. ಇನ್ನೊಂದು ಪೂರ್ವಕ್ಕೆ ಪ್ರಯಾಣ. ಸಬ್ಬತ್ ಶುರುವಾಗುವುದು ನೀವು ಇರುವ ಊರಿನ ಹೊತ್ತಿಗೆ. ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ 4:10 ಎಂದರೆ ಲಾಸ್ ಏಂಜಲೀಸ್‌ನ ಮಧ್ಯಾಹ್ನ 1:10. ವಿಮಾನಕ್ಕೇ ಐದೂವರೆ ಗಂಟೆ ಬೇಕು. ಬೆಳಗಿನ 7:30ರ ವಿಮಾನ ಹತ್ತಿದರೂ ಇಳಿದ ಕ್ಷಣಕ್ಕೆ ಹತ್ತೇ ನಿಮಿಷ ಉಳಿದಿರುತ್ತದೆ. ಅಂಥ ವಾರ ಗುರುವಾರವೇ ಹೊರಡಬೇಕು. ಅದಕ್ಕೆ ಹೆಚ್ಚುವರಿ ಒಂದು ರಾತ್ರಿಯ ಖರ್ಚನ್ನು ಯಾರು ಭರಿಸುತ್ತಾರೆ ಎಂಬುದೂ ಮೊದಲೇ ಇತ್ಯರ್ಥವಾಗಿರಲಿ.

ಭಾನುವಾರ ಪಾಲಿಸುವವರಿಗೆ ಗಡಿ ಮಧ್ಯರಾತ್ರಿ. ಮಳೆಯಿಂದ ತಡವಾದ ಶನಿವಾರ ರಾತ್ರಿಯ ಪಂದ್ಯ 12 ದಾಟಿದರೆ ಮೈದಾನ ಬಿಡುತ್ತೀರಾ, ಮುಗಿಸುತ್ತೀರಾ? ಇದಕ್ಕೂ ಆ ಪುಟದಲ್ಲಿ ಉತ್ತರ ಇರಬೇಕು.

ಯಾರಿಗೆ, ಯಾವಾಗ, ಏನು ಬರೆಯಬೇಕು

ಕೋಚ್ ಒಬ್ಬರೇ ಸಾಲದು. ಕೋಚ್ ಬದಲಾಗುತ್ತಾರೆ, ಅವರ ಬಾಯಿಮಾತಿನ ಭರವಸೆಯೂ ಅವರ ಜೊತೆಯೇ ಹೋಗುತ್ತದೆ. ಕೋಚ್‌ಗೆ ಬರೆದ ಇಮೇಲ್ ಅನ್ನು ಅಥ್ಲೆಟಿಕ್ ಡೈರೆಕ್ಟರ್‌ಗೂ (ಕಾಲೇಜಿನ ಕ್ರೀಡಾ ವಿಭಾಗದ ಮುಖ್ಯಸ್ಥರು) ನಿಯಮಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್ ಕಚೇರಿಗೂ ಕಳಿಸಿ, ಉತ್ತರ ಬರಹದಲ್ಲೇ ತರಿಸಿಕೊಳ್ಳಿ. ಎರಡು ಸಾಲು ಅದರಲ್ಲಿ ಇರಲೇಬೇಕು. ಒಂದು: "ಧಾರ್ಮಿಕ ಆಚರಣೆಗಾಗಿ ತಪ್ಪಿಸಿಕೊಂಡ ಪಂದ್ಯ, ಅಭ್ಯಾಸ ಅಥವಾ ಪ್ರಯಾಣವನ್ನು ಶಿಸ್ತಿನ ಉಲ್ಲಂಘನೆ ಎಂದು ಪರಿಗಣಿಸುವುದಿಲ್ಲ." ಎರಡು: "ಇದನ್ನು ತಂಡದಿಂದ ಸ್ವಂತ ಇಚ್ಛೆಯಿಂದ ಹೊರಬಂದಂತೆ ಪರಿಗಣಿಸುವುದಿಲ್ಲ." ಎರಡನೆಯ ಸಾಲಿಗೆ ಕಾರಣವಿದೆ. ಎನ್‌ಸಿಎಎ ನಿಯಮದ ಪ್ರಕಾರ ಸ್ಕಾಲರ್‌ಶಿಪ್ ಅವಧಿಯ ನಡುವೆ ಆಟ ಚೆನ್ನಾಗಿಲ್ಲ ಎಂದು ಹಣ ಕಡಿಮೆ ಮಾಡುವಂತಿಲ್ಲ, ಆದರೆ ಸ್ವಂತ ಇಚ್ಛೆಯಿಂದ ತಂಡ ಬಿಟ್ಟವರ ಹಣ ನಿಲ್ಲಿಸಬಹುದು. ಒಂದು ವೇಳೆ ಹಣ ಕಡಿತವಾದರೆ ಮೇಲ್ಮನವಿಯ ವಿಚಾರಣೆ ಕೇಳುವ ಹಕ್ಕು ನಿಮಗಿದೆ, ಆಗ ಈ ಇಮೇಲ್ ಕೈಯಲ್ಲಿರಬೇಕು.

ಇಮೇಲ್ ಜೊತೆಗೆ ಇಡೀ ಋತುವಿನ ಕೋಷ್ಟಕ ಲಗತ್ತಿಸಿ: ಪಂದ್ಯದ ದಿನ, ಊರು, ಆ ಊರಿನ ಸೂರ್ಯಾಸ್ತ, ನೀವು ಲಭ್ಯವಿರುವ ಕೊನೆಯ ಹೊತ್ತು, ಮತ್ತೆ ಸಿಗುವ ಮೊದಲ ಹೊತ್ತು. ಇದನ್ನು ನೋಡಿದ ಕೋಚ್‌ಗೆ 28 ಪಂದ್ಯಗಳಲ್ಲಿ ನಿಜವಾಗಿ ಅಡ್ಡ ಬರುವುದು ಆರೋ ಏಳೋ ಎಂದು ತಿಳಿಯುತ್ತದೆ. ಅದರಲ್ಲೂ ಎರಡು ಮೂರನ್ನು ಸ್ವಂತ ಮೈದಾನದಲ್ಲಿ ಹಿಂದೆ ಮುಂದೆ ಮಾಡಬಹುದು. ವೇಳಾಪಟ್ಟಿ ಕರಡು ಇರುವಾಗಲೇ ಕೊಡಿ. ಟಿವಿ ಒಪ್ಪಂದ ಸೇರಿದ ಮೇಲೆ ಕೋಚ್ ಕೈಯಲ್ಲಿ ಏನೂ ಇರುವುದಿಲ್ಲ.

ವಾರದ ರಜೆಯನ್ನೂ ಬಳಸಿಕೊಳ್ಳಿ. ಎನ್‌ಸಿಎಎ ಡಿವಿಷನ್ 1ರಲ್ಲಿ ಋತುವಿನ ಹೊತ್ತು ತಂಡದ ಚಟುವಟಿಕೆ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮೀರಬಾರದು, ವಾರಕ್ಕೊಂದು ದಿನ ಪೂರ್ತಿ ಬಿಡುವು ಕೊಡಬೇಕು. ಪಂದ್ಯವಿಲ್ಲದ ವಾರಗಳಲ್ಲಿ ಆ ದಿನ ಶನಿವಾರವೇ ಆಗಲಿ ಎಂದು ಕೇಳುವುದು ಸುಲಭ, ಯಾರಿಗೂ ನಷ್ಟವಿಲ್ಲ. ಆದರೆ ಆ ರಜೆ ಕ್ಯಾಲೆಂಡರ್ ದಿನದ್ದು; ಶುಕ್ರವಾರ ಸಂಜೆಯ ಅಭ್ಯಾಸ ಅದರೊಳಗೆ ಬರುವುದಿಲ್ಲ. ಅದನ್ನು ಬೇರೆಯಾಗಿ ಕೇಳಬೇಕು.

ಸೆಪ್ಟೆಂಬರ್ 1ರ ನಿಯಮ

ಹೆಚ್ಚಿನವರು ಎಡವುವುದು ಇಲ್ಲಿ. ಎನ್‌ಸಿಎಎ ಚಾಂಪಿಯನ್‌ಶಿಪ್‌ಗಳಲ್ಲಿ ಧಾರ್ಮಿಕ ಕಾರಣಕ್ಕೆ ವೇಳಾಪಟ್ಟಿ ಹೊಂದಿಸುವ ನಿಯಮವಿದೆ. ಆದರೆ ಅದು ಸಂಸ್ಥೆಗೆ ಸಂಬಂಧಿಸಿದ್ದು, ವ್ಯಕ್ತಿಗಲ್ಲ. ನಿರ್ದಿಷ್ಟ ದಿನ ಆಡುವುದಿಲ್ಲ ಎಂಬ ಲಿಖಿತ ನೀತಿ ಇರುವ ಕಾಲೇಜು ಪ್ರತಿ ಶೈಕ್ಷಣಿಕ ವರ್ಷ ಸೆಪ್ಟೆಂಬರ್ 1ರೊಳಗೆ ಎನ್‌ಸಿಎಎಗೆ ಬರೆದು ತಿಳಿಸಬೇಕು. ಭಾನುವಾರ ಆಡದ ಮಾರ್ಮನ್ನರ ಬ್ರಿಗ್‌ಹ್ಯಾಮ್ ಯಂಗ್ ವಿಶ್ವವಿದ್ಯಾಲಯ ಇದರಿಂದಲೇ ಬ್ಯಾಸ್ಕೆಟ್‌ಬಾಲ್ ಟೂರ್ನಿಯಲ್ಲಿ ಗುರುವಾರ ಮತ್ತು ಶನಿವಾರ ಆಡುವ ಗುಂಪಿಗೆ ಹೋಗುತ್ತದೆ. ಅಂಥ ನೀತಿ ಇಲ್ಲದ ಕಾಲೇಜಿನಲ್ಲಿ ನೀವೊಬ್ಬರೇ ಸಬ್ಬತ್ ಪಾಲಿಸುವವರಾದರೆ, ನಿಮಗಾಗಿ ಫೈನಲ್ ಸರಿಯುವುದಿಲ್ಲ. ಆದ್ದರಿಂದ ಕಾಲೇಜು ಆರಿಸುವಾಗಲೇ ನಿಮ್ಮ ಸ್ಪರ್ಧೆಯ ಚಾಂಪಿಯನ್‌ಶಿಪ್ ವಾರದ ಯಾವ ದಿನಗಳಲ್ಲಿ ನಡೆಯುತ್ತದೆ ನೋಡಿ. ಹೊರಾಂಗಣ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್‌ನಲ್ಲಿ ಪುರುಷರು ಬುಧವಾರ ಮತ್ತು ಶುಕ್ರವಾರ, ಮಹಿಳೆಯರು ಗುರುವಾರ ಮತ್ತು ಶನಿವಾರ ಓಡುವ ಪದ್ಧತಿ ಇದೆ. ಶನಿವಾರ ಪಾಲಿಸುವ ಓಟಗಾರ್ತಿಗೆ ಇದು ಕಠಿಣ ಸತ್ಯ. ನಾಲ್ಕು ವರ್ಷ ದುಡಿದ ಮೇಲೆ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾಗಲಿ.

ಎದುರಾಳಿಯ ಒಳ್ಳೆಯತನವನ್ನೂ ಪೂರ್ತಿ ನೆಚ್ಚಬಾರದು. 2022ರ ಫೆಬ್ರವರಿಯಲ್ಲಿ ಅಲಬಾಮಾದ ಓಕ್‌ವುಡ್ ಅಡ್ವೆಂಟಿಸ್ಟ್ ಅಕಾಡೆಮಿಯ ಹೈಸ್ಕೂಲ್ ತಂಡಕ್ಕೆ ಶನಿವಾರ ಸಂಜೆ 4:30ಕ್ಕೆ ಸೆಮಿಫೈನಲ್ ಬಿತ್ತು. ಅದೇ ಸಂಜೆಯ ಇನ್ನೊಂದು ಪಂದ್ಯದ ಜೊತೆ ಹೊತ್ತು ಬದಲಿಸಿಕೊಳ್ಳಲು ಉಳಿದ ತಂಡಗಳು ಒಪ್ಪಿದ್ದವು. ರಾಜ್ಯದ ಕ್ರೀಡಾ ಸಂಘ ಒಪ್ಪಲಿಲ್ಲ. ತಂಡ ಪಂದ್ಯ ಬಿಟ್ಟುಕೊಟ್ಟಿತು. ಮೊಕದ್ದಮೆ ಹೂಡಿದ ಮೇಲೆ ಸಂಘ ತನ್ನ ನಿಯಮ ಬದಲಿಸಿತು. ನಿಮ್ಮ ಕಾನ್ಫರೆನ್ಸ್‌ನ (ನಿಮ್ಮ ಕಾಲೇಜು ಆಡುವ ಲೀಗ್‌ನ) ಕೈಪಿಡಿಯಲ್ಲಿ ಹೊತ್ತು ಅದಲುಬದಲು ಮಾಡಲು ಅವಕಾಶ ಇದೆಯೇ ಎಂದು ಋತು ಶುರುವಾಗುವ ಮುಂಚೆ ಓದಿ. ಇಲ್ಲದಿದ್ದರೆ ಬೇಸಿಗೆಯ ಸಭೆಯಲ್ಲಿ ಸೇರಿಸುವಂತೆ ಅಥ್ಲೆಟಿಕ್ ಡೈರೆಕ್ಟರ್ ಮೂಲಕ ಕೇಳಿಸಿ.

ಕಾನೂನಿನ ರಕ್ಷಣೆ ನೀವು ಅಂದುಕೊಂಡಷ್ಟು ಇಲ್ಲ. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗ್ರಾಫ್ ಎಂಬ ಅಂಚೆ ನೌಕರನ ಪ್ರಕರಣದಲ್ಲಿ ಸಬ್ಬತ್ ಪಾಲಿಸುವವರ ಪರವಾಗಿ ಗಟ್ಟಿ ತೀರ್ಪು ಕೊಟ್ಟಿತು ನಿಜ, ಆದರೆ ಅದು ಉದ್ಯೋಗಿಗಳ ಕುರಿತಾದ ಕಾನೂನು. ನ್ಯೂಯಾರ್ಕ್‌ನ ಶಿಕ್ಷಣ ಕಾನೂನಿನ 224-ಎ ವಿಧಿಯಂಥವು ಧಾರ್ಮಿಕ ಕಾರಣಕ್ಕೆ ತಪ್ಪಿದ ತರಗತಿ, ಪರೀಕ್ಷೆಗಳಿಗೆ ನೆರವಾಗುತ್ತವೆ. ಪಂದ್ಯಕ್ಕೆ ನಿಮ್ಮ ಬಲ ಮುಖ್ಯವಾಗಿ ಆ ಇಮೇಲೇ.

ಹೊರಊರಿನ ಶುಕ್ರವಾರ ರಾತ್ರಿ

ಶಬ್ಬಾತ್‌ನಲ್ಲಿ ವಿದ್ಯುತ್ ಹಾಕುವುದು, ಆರಿಸುವುದು, ಬರೆಯುವುದು ಬಿಡುವವರಿಗೆ ಹೋಟೆಲ್ ಕೋಣೆಯೇ ದೊಡ್ಡ ತೊಡಕು. ವಿದ್ಯುತ್ ಕಾರ್ಡ್‌ನ ಬಾಗಿಲು, ಲಿಫ್ಟ್, ಒಳಗೆ ಕಾಲಿಟ್ಟರೆ ತಾನೇ ಹೊತ್ತಿಕೊಳ್ಳುವ ದೀಪ, ಚಲನೆ ಗುರುತಿಸುವ ಏಸಿ. ಬುಕ್ ಮಾಡುವಾಗಲೇ ತಂಡದ ಆಪರೇಷನ್ಸ್ ಡೈರೆಕ್ಟರ್ ಮೂಲಕ ಕೆಳಗಿನ ಅಂತಸ್ತು, ಮೆಟ್ಟಿಲ ಪಕ್ಕದ ಕೋಣೆ ಕೇಳಿ. ಬಾಗಿಲ ವಿಷಯಕ್ಕೆ ಏನು ಮಾಡಬಹುದೆಂದು ರಬ್ಬಿಯಿಂದ ಮೊದಲೇ ತಿಳಿದುಕೊಳ್ಳಿ. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲು ಕೋಣೆಯಲ್ಲಿದ್ದು ಸ್ನಾನದ ಮನೆಯ ದೀಪ ಹಾಕಿಡಿ, ಫ್ರಿಜ್ ಒಳಗಿನ ಬಲ್ಬ್ ಆರಿಸಲಾಗದಿದ್ದರೆ ಗುಂಡಿಗೆ ಟೇಪ್ ಒತ್ತಿ, ಮೂರು ಹೊತ್ತಿನ ಕೋಷರ್ (ಯಹೂದಿ ಆಹಾರ ನಿಯಮದಂತೆ ತಯಾರಿಸಿದ) ಊಟ, ಕನಿಷ್ಠ 4 ಲೀಟರ್ ನೀರು ಜೋಡಿಸಿಡಿ. ಮೇಣದಬತ್ತಿಗೆ ಹೋಟೆಲ್ ಒಪ್ಪದಿದ್ದರೆ ವಿದ್ಯುತ್ ದೀಪ ಆಗುತ್ತದೆಯೇ ಎಂಬುದನ್ನೂ ರಬ್ಬಿಗೆ ಕೇಳಿಡಿ.

ಫೋನ್ ಮುಟ್ಟದವರಿಗೆ ಬದಲಾದ ವೇಳೆ ತಲುಪುವುದಿಲ್ಲ. ಶುಕ್ರವಾರ ಮಧ್ಯಾಹ್ನ 12ಕ್ಕೆ ಇದ್ದ ಕಾರ್ಯಕ್ರಮವನ್ನು ಕಾಗದದಲ್ಲಿ ಮುದ್ರಿಸಿ ಮೇಜಿನ ಮೇಲೆ ಇಡಿ, ಏನಾದರೂ ಬದಲಾದರೆ ಬಾಗಿಲು ತಟ್ಟಿ ಹೇಳಲು ಒಬ್ಬ ಗೆಳೆಯನನ್ನು ಗೊತ್ತುಮಾಡಿ. ತಂಡ ಶನಿವಾರ ಹಗಲಲ್ಲೇ ವಾಪಸಾಗುವುದಾದರೆ, ನೀವು ರಾತ್ರಿ ಬೇರೆಯಾಗಿ ಬರಲು ಟ್ರಾವೆಲ್ ರಿಲೀಸ್ ಫಾರಂ ಬೇಕಾಗುತ್ತದೆ. ಸಹಿ ಶುಕ್ರವಾರವೇ ಆಗಲಿ.

ಶನಿವಾರ ರಾತ್ರಿ ಅಂಕಣಕ್ಕೆ ಇಳಿಯುವ ಮುಂಚೆ

ಡಿಸೆಂಬರ್‌ನಲ್ಲಿ ಶಬ್ಬಾತ್ 5:15ರ ಸುಮಾರಿಗೆ ಮುಗಿದರೆ, 7ರ ಪಂದ್ಯಕ್ಕೆ ತಂಡ 5:30ಕ್ಕೇ ಹಾಜರಿ ಕೇಳುತ್ತದೆ. 72 ನಿಮಿಷ ಎಣಿಸುವವರಿಗೆ 5:40 ಆಗುತ್ತದೆ. 15 ನಿಮಿಷದ ವಿನಾಯಿತಿ ಮೊದಲೇ ಪಡೆದಿಡಿ. ಹಿಂದಿನ ರಾತ್ರಿಯ ಭಾರೀ ಊಟ, ದಿನವಿಡೀ ಕೂತದ್ದು, ಮಧ್ಯಾಹ್ನದ ನಿದ್ದೆ, ಇವು ಸೇರಿ ಕಾಲು ಬಿಗಿಯಾಗಿರುತ್ತದೆ. ಮಧ್ಯಾಹ್ನ 2ರೊಳಗೆ ಅನ್ನ ಅಥವಾ ಬ್ರೆಡ್‌ನಂಥ ಹಗುರ ಊಟ ಮುಗಿಸಿ, 4ರಿಂದ 5ರ ನಡುವೆ ಸುಮಾರು ಅರ್ಧ ಲೀಟರ್ ನೀರು ಕುಡಿಯಿರಿ, ಸಂಜೆ ನಿಧಾನ ನಡಿಗೆ ಹಾಕಿ. ಕಣಕಾಲಿಗೆ ಟೇಪ್ ಸುತ್ತಿಸುವ ಕೆಲಸ ಕತ್ತಲಾದ ಮೇಲೆಯೇ ಆಗಬೇಕಿರುವುದರಿಂದ ಟ್ರೈನರ್ ಬಳಿ ಮೊದಲ ಸರದಿ ನಿಮಗಿರಲಿ. ವಾರ್ಮಪ್ 10 ನಿಮಿಷ ಹೆಚ್ಚು ಬೇಕು.

ಯಹೂದಿಗಳ ಪ್ರಾಯಶ್ಚಿತ್ತ ದಿನವಾದ ಯೋಮ್ ಕಿಪ್ಪುರ್‌ನ ಉಪವಾಸ ಬೇರೆಯೇ ಮಾತು. ಸುಮಾರು 25 ಗಂಟೆ ಅನ್ನ ನೀರಿಲ್ಲ. ಆ ರಾತ್ರಿ ಅಭ್ಯಾಸ ಬೇಡ. ಮರುದಿನದ ಮೊದಲ ಅಭ್ಯಾಸವೂ ಹಗುರವಾಗಿರಲಿ, ಟ್ರೈನರ್‌ಗೆ ದಿನಾಂಕ ಆಗಸ್ಟ್‌ನಲ್ಲೇ ತಿಳಿದಿರಲಿ. ಯಹೂದಿ ಹಬ್ಬಗಳಾದ ರೋಶ್ ಹಶಾನಾ, ಸುಕ್ಕೋತ್ ಫುಟ್‌ಬಾಲ್ ಮತ್ತು ಸಾಕರ್ ಋತುವಿಗೂ, ಪಾಸೋವರ್ ಹಬ್ಬ ಬೇಸ್‌ಬಾಲ್ ಋತುವಿಗೂ ಬೀಳುತ್ತವೆ. ಇವು ವಾರದ ಬೇರೆ ಬೇರೆ ದಿನ ಬರುವುದರಿಂದ ಕೋಷ್ಟಕದಲ್ಲಿ ಬೇರೆ ಬಣ್ಣದಲ್ಲಿ ಗುರುತಿಸಿ.

ಹೆಸರು-ಚಿತ್ರದ ಜಾಹೀರಾತು ಒಪ್ಪಂದ ಮಾಡುವವರು ಶನಿವಾರದ ಹಾಜರಿ, "24 ಗಂಟೆಯೊಳಗೆ ಪೋಸ್ಟ್ ಹಾಕಬೇಕು" ಎಂಬ ಷರತ್ತು ಹುಡುಕಿ ತಿದ್ದಿಸಿ. ಪೋಸ್ಟ್ ಗುರುವಾರವೇ ಬರೆದು ಕಂಪನಿಗೆ ಕೊಟ್ಟರೆ ಸಾಕಾಗುತ್ತದೆ. ಡೋಪಿಂಗ್ ಪರೀಕ್ಷೆಗೆ ಶನಿವಾರ ಕರೆ ಬಂದರೆ ಫಾರಂಗೆ ಸಹಿ ಹಾಕಬೇಕಾಗುತ್ತದೆ, ಹಾಜರಾಗದಿದ್ದರೆ ತಪ್ಪಿಸಿಕೊಂಡಂತೆ ದಾಖಲಾಗಬಹುದು. ಸಬ್ಬತ್ ದಿನ ನೀವು ಎಲ್ಲಿರುತ್ತೀರಿ, ಸಹಿಯ ಬದಲು ಏನು ಮಾಡಬಹುದು ಎಂದು ಕಂಪ್ಲಯನ್ಸ್ ಕಚೇರಿಯಿಂದ ಋತುವಿನ ಮೊದಲ ವಾರವೇ ಬರಹದಲ್ಲಿ ಪಡೆದು, ಅದರ ಒಂದು ಪ್ರತಿಯನ್ನು ಟ್ರೈನರ್ ಬಳಿ ಇಡಿ.