ಪಾಯಿಂಟ್ ಎಣಿಸೋದು ಬಿಟ್ಟೆ, ಪೈಪಿನ ದಾರಿ ಅಳೆದೆ

ಕಲಬುರಗಿಯ ಆಳಂದ ರೋಡಿನ ಮೂರಂತಸ್ತಿನ ಮನೆಯ ವೈರಿಂಗ್ ಹೋದ ತಿಂಗಳು ಮುಗಿಯಿತು. ಒಂದೂವರೆ ಸ್ಕ್ವೇರ್ (ಒಂದೂವರೆ ಚದರ ಮಿಲಿಮೀಟರ್ ದಪ್ಪದ) ವೈರು 26 ಕಾಯಿಲ್, ಅಂದರೆ 90 ಮೀಟರಿನ 26 ಸುರುಳಿ ಬೇಕು ಅಂತ ಬರೆದುಕೊಟ್ಟಿದ್ದೆ. 25 ಖಾಲಿಯಾಗಿ, ಕೊನೆಯದರಲ್ಲಿ ಅರ್ಧ ಉಳಿಯಿತು. ಎರಡೂವರೆಯದು 9 ಹೇಳಿದ್ದೆ, 9ಕ್ಕೇ ನಿಂತಿತು. ವೈರಿಗಾಗಿ ಎರಡನೇ ಸಲ ಅಂಗಡಿಗೆ ಹೋಗಲೇ ಇಲ್ಲ.

ನಾನು ಕೆಲಸ ಕಲಿತ ಕಾಕಾ ಈ ಲೆಕ್ಕದ ಹಾಳೆ ನೋಡಿ ಮೊದಲು ಹೇಳಿದ್ದು ಹೀಗೆ: "ಏ ತಮ್ಮಾ, ಇಷ್ಟು ಲೆಕ್ಕ ಮಾಡ್ಲಾಕ ನೀ ಏನ್ ಇಂಜಿನಿಯರ್ ಏನು? ಪಾಯಿಂಟ್ ಎಣಿಸು, ರೇಟ್ ಹಚ್ಚು." ಪಾಯಿಂಟ್ ಅಂದರೆ ಲೈಟು, ಫ್ಯಾನು, ಪ್ಲಗ್ಗು ಬರುವ ಒಂದೊಂದು ಜಾಗ. ನಾನೂ ಆರೇಳು ವರ್ಷ ಹಾಗೇ ಮಾಡಿದೆ. ಚಿಕ್ಕ ಮನೆಗಳಲ್ಲಿ ಹೆಂಗೋ ನಡೀತು.

2021ರಲ್ಲಿ ಸೇಡಂ ರೋಡಿನ ಕಡೆ ಒಂದು ದೊಡ್ಡ ಮನೆ ಹಿಡಿದೆ. ಪಾಯಿಂಟ್ ಲೆಕ್ಕದಲ್ಲಿ 14 ಕಾಯಿಲ್ ಬಂತು. ಹೋಗಿದ್ದು 22. ಅದೇ ವರ್ಷ ತಾಮ್ರದ ದರ ಏರಿತು, ವೈರೂ ಏರಿತು. ಮಾಲು ಸಮೇತ ಒಪ್ಪಿದ ಕೆಲಸ, ಮಾಲೀಕರನ್ನು ಕೇಳೋ ಹಾಗಿರಲಿಲ್ಲ. ಪೈಪು, ಬೆಂಡು ಸೇರಿ 20 ಸಾವಿರದ ಹತ್ತಿರ ಕೈಯಿಂದ ಹೋಯಿತು.

ಎಲ್ಲಿ ತಪ್ಪಿತು ಅಂತ ಅದೇ ಮನೆಯ ಒಂದು ಕೋಣೆಗೆ ಟೇಪು ಹಿಡಿದೆ. ನಕ್ಷೆಯಲ್ಲಿ ಸ್ವಿಚ್ ಬೋರ್ಡಿನಿಂದ ಫ್ಯಾನಿಗೆ 8 ಅಡಿ. ಎರಡು ವೈರು, 16 ಅಡಿ ಅಂತ ಬಿಟ್ಟಿದ್ದೆ. ಆದರೆ ಸ್ಲ್ಯಾಬು 10 ಅಡಿ ಎತ್ತರ, ಬೋರ್ಡು ನೆಲದಿಂದ ನಾಲ್ಕೂವರೆ ಅಡಿ. ಗೋಡೆಯೊಳಗೆ ಇಳಿಯೋದೇ ಐದೂವರೆ ಅಡಿ. ಪೈಪಿನ ದಾರಿ ಹದಿಮೂರೂವರೆ, ಎರಡು ವೈರಿಗೆ 27. ಎರಡೂ ತುದಿಗೆ ಒಂದೊಂದು ಅಡಿ ಬಾಲ ಬಿಟ್ಟರೆ 31. ಹೆಚ್ಚುಕಮ್ಮಿ ಎರಡು ಪಟ್ಟು ಆಯ್ತಲ್ವಾ! ಡಿಬಿಯಿಂದ (ಮನೆಗೆಲ್ಲ ಕರೆಂಟು ಹಂಚುವ ಮುಖ್ಯ ಡಬ್ಬಿ) ಬೋರ್ಡಿಗೆ ಬರುವ ಸರ್ಕ್ಯೂಟ್ ವೈರನ್ನಂತೂ ಯಾವ ಪಾಯಿಂಟಿಗೂ ಸೇರಿಸಿರಲಿಲ್ಲ. ಮೆಟ್ಟಿಲಿನ ಟೂ ವೇ ಲೈಟು (ಕೆಳಗೂ ಮೇಲೂ ಸ್ವಿಚ್ಚು ಇರೋದು) ಎಣಿಕೆಯಲ್ಲಿ ಒಂದೇ ಪಾಯಿಂಟು. ವೈರು ನೋಡಿದರೆ ಮೂರು ಪಾಯಿಂಟಿನಷ್ಟು ತಿನ್ನುತ್ತೆ.

ಈಗ ನಕ್ಷೆ ಮೇಲೆ ಒಂದೊಂದು ಸರ್ಕ್ಯೂಟಿಗೆ ಒಂದೊಂದು ಬಣ್ಣದ ಪೆನ್ಸಿಲು. ಪೈಪು ನಿಜವಾಗಿ ಹೋಗುವ ದಾರಿಯಲ್ಲೇ ಗೆರೆ ಎಳೀತೇನೆ, ಸುಮ್ನೆ ನೇರ ಎಳೆಯಲ್ಲ. ಒಳಗೆ ಎಷ್ಟು ವೈರು ಇದೆಯೋ ಗೆರೆ ಮೇಲೆ ಅಷ್ಟು ಸಣ್ಣ ಅಡ್ಡಗೀಟು. ಉದ್ದ ಗುಣಿಸು ಗೀಟು. ಇಳಿತಗಳಿಗೆ ಬೇರೆ ಹಾಳೆ. ಒಂದು ಸಲ ಡಿಬಿಯಿಂದ ಹೊರಟು ಎಣಿಸ್ತೇನೆ, ಮರುದಿನ ಕೊನೆಯ ಪಾಯಿಂಟಿನಿಂದ ವಾಪಸ್ ಬರ್ತೇನೆ. ಎರಡರಲ್ಲಿ ಒಂದು ಕಾಯಿಲ್‌ಗಿಂತ ಜಾಸ್ತಿ ಫರಕು ಬಂದರೆ ಮತ್ತೆ ಮೊದಲಿಂದ.

ಇದು ಕೂಡ ಮೊದಲ ಸಲ ಕೈಕೊಟ್ಟಿತು. ಜೇವರ್ಗಿ ರೋಡಿನ ಹತ್ತಿರ ಒಂದು ಚಿಕ್ಕ ದವಾಖಾನೆ ಕೆಲಸ. ಎಷ್ಟು ಜಾಗ್ರತೆಯಿಂದ ಅಳೆದರೂ ಎಲ್ಲಾ ಕಡಿಮೆ ಬಂತು. ಎ2 ಹಾಳೆಯ ನಕ್ಷೆಯನ್ನು ಎ3ಗೆ ಚಿಕ್ಕದು ಮಾಡಿ ಪ್ರಿಂಟ್ ಹಾಕಿಕೊಟ್ಟಿದ್ದರು. ನಕ್ಷೆ ಮೇಲೆ ಬರೆದಿದ್ದ ಸ್ಕೇಲನ್ನೇ ನಂಬಿ ನಾನು ಅಳತೆ ಪಟ್ಟಿ ಇಟ್ಟೆ. 10 ಅಡಿ ಇರೋದು 7 ಅಡಿ ಅಂತ ಬರ್ತಿತ್ತು. ಆರು ಕಾಯಿಲ್ ಕಡಿಮೆ ಬಿತ್ತು. ಈಗ ಅಳತೆ ಬರೆದಿರುವ ಒಂದು ಗೋಡೆಗೆ ಪಟ್ಟಿ ಇಟ್ಟು ನೋಡದೆ ಪೆನ್ಸಿಲು ಮುಟ್ಟಲ್ಲ.

ಕಂಪ್ಯೂಟರಿನಲ್ಲಿ ಅಳೆಯೋದನ್ನೂ ನೋಡಿದೆ. ಲೈಟು, ಸ್ವಿಚ್ಚು ಎಣಿಸೋಕೆ ಬಹಳ ಚೆನ್ನಾಗಿದೆ. ಗೋಡೆಯ ಇಳಿತವನ್ನು ಮಾತ್ರ ನಾವೇ ತುಂಬಬೇಕು. ನನಗೆ ಹಾಳೆಯೇ ಬೇಗ ಆಗುತ್ತೆ.

ಇನ್ನೊಂದು ಪ್ರಯೋಗ ಮಾಡಿದೆ, ಅದು ನನಗೆ ಬಹಳ ಖುಷಿ ಕೊಟ್ಟಿತು. ಒಂದೂವರೆ ವೈರು 10 ಮೀಟರ್ ಕತ್ತರಿಸಿ ತೂಗಿದೆ. 200 ಗ್ರಾಂ ಆಸುಪಾಸು ಬಂತು. ಆಳಂದ ರೋಡಿನ ಕೆಲಸದಲ್ಲಿ ಒಂದೂವರೆಯ ತುಂಡುಗಳನ್ನೆಲ್ಲ ಬೇರೆ ಚೀಲದಲ್ಲಿ ಹಾಕಿಸಿದ್ದೆ. ಕೊನೆಗೆ ತೂಗಿದರೆ ಒಂದೂವರೆ ಕೆಜಿ, ಅಂದರೆ 75 ಮೀಟರ್. ಹೋದ ವೈರು 2,300 ಮೀಟರ್ ಹತ್ತಿರ. ನೂರಕ್ಕೆ ಮೂರಕ್ಕಿಂತ ಸ್ವಲ್ಪ ಜಾಸ್ತಿ ವೇಸ್ಟು. ಕಣ್ಣಳತೆಯಲ್ಲಿ ಎಲ್ಲರೂ ಹತ್ತು ಹಾಕ್ತಾರೆ. ನಾನು ಈಗ ಕೊಟೇಶನ್ನಿನಲ್ಲಿ ಎಷ್ಟು ಹಾಕ್ತೇನೆ, ಹಳೇ ಶಹಾಬಾದ್ ಕಲ್ಲಿನ ಗೋಡೆ ಇದ್ದರೆ ಕೂಲಿ ಹೇಗೆ ಕಟ್ತೇನೆ ಅನ್ನೋದು ನನ್ನಲ್ಲೇ ಇರಲಿ.

ಪೈಪಿಗೆ ಇಷ್ಟು ಕಷ್ಟ ಇಲ್ಲ. ಒಂದು ಉದ್ದ 3 ಮೀಟರ್, ಅದೇ ಗೆರೆಗಳನ್ನು ಗೀಟು ಬಿಟ್ಟು ಕೂಡಿಸಿದರೆ ಆಯಿತು. ಆದರೆ ಸೆಂಟ್ರಿಂಗ್ (ಸ್ಲ್ಯಾಬಿಗೆ ಹಲಗೆ ಕಟ್ಟೋದು) ಆದ ದಿನವೇ ಹೋಗಿ ನಿಂತುಕೊಳ್ಳಿ. ಗೌಂಡಿಗಳು ಕಾಂಕ್ರೀಟ್ ಹಾಕುವಾಗ ತುಳಿದು ಒಡೆದ ಪೈಪು ಯಾವ ಲೆಕ್ಕಕ್ಕೂ ಸಿಗಲ್ಲ.

ನಮ್ಮ ಊರಿಗೇ ಸೇರಿದ ಮಾತು ಒಂದಿದೆ. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತೆ. ಪ್ರತಿ ಮನೆಯಲ್ಲೂ ಕಡೇ ಗಳಿಗೆಯಲ್ಲಿ ಕೂಲರ್ ಪಾಯಿಂಟು, ಏಸಿ ಪಾಯಿಂಟು ಬೇಕೇ ಬೇಕು ಅಂತಾರೆ. ಗೋಡೆ ಕೊರೆದು, ನಾಲ್ಕು ಸ್ಕ್ವೇರ್ ವೈರು ಹೊಸದಾಗಿ ಎಳೆಯೋ ಖರ್ಚೆಲ್ಲ ನಮ್ಮ ತಲೆ ಮೇಲೆ. ಅದಕ್ಕೆ ನಕ್ಷೆ ಕೈಗೆ ಬಂದ ದಿನವೇ ಮನೆಯ ಅಕ್ಕನವರನ್ನು ಕೇಳ್ತೇನೆ: "ಅಕ್ಕಾ, ಕೂಲರ್ ಯಾವ ಕಿಡಕಿಗೆ ಇಡ್ತೀರಿ?" ಅವರು ತೋರಿಸಿದ ಕಿಟಕಿಗೆ ಅಲ್ಲೇ ಕೆಂಪು ಪೆನ್ಸಿಲಿನ ಗೆರೆ ಬೀಳುತ್ತೆ.