ಗೋಚುಜಾಂಗ್ ಮ್ಯಾಕ್ ಅಂಡ್ ಚೀಸ್: ಸಾಸ್ ಒಡೆಯದ ಹಾಗೆ

ಮ್ಯಾಕರೋನಿ ಪಾಸ್ತಾವನ್ನು ಚೀಸ್ ಸಾಸಿನಲ್ಲಿ ಕಲಸಿ ಮಾಡುವ, ಅಮೆರಿಕದ ಮನೆಗಳ ಮ್ಯಾಕ್ ಅಂಡ್ ಚೀಸ್‌ಗೆ ಕೊರಿಯಾದ ಗೋಚುಜಾಂಗ್ ಚೆನ್ನಾಗಿ ಒಗ್ಗುತ್ತದೆ. ಒಣಮೆಣಸಿನಕಾಯಿ ಪುಡಿ, ಅಂಟಕ್ಕಿ, ಹುದುಗಿಸಿದ ಸೋಯಾ ಸೇರಿದ ಈ ಪೇಸ್ಟಿನ ಖಾರ-ಸಿಹಿ ಚೀಸಿನ ಜಿಡ್ಡನ್ನು ಮುರಿಯುತ್ತದೆ. ಎಡವಟ್ಟಾಗುವುದು ಕಿಮ್ಚಿ (ಖಾರ ಹಾಕಿ ಹುದುಗಿಸಿದ ಕೊರಿಯಾದ ಎಲೆಕೋಸು) ಹಾಕುವಾಗ.

150 ಗ್ರಾಂ ಕಿಮ್ಚಿಯನ್ನು ಗಟ್ಟಿಯಾಗಿ ಹಿಂಡಿ, ಸಣ್ಣಗೆ ಹೆಚ್ಚಿ, ಸ್ವಲ್ಪ ಬೆಣ್ಣೆಯಲ್ಲಿ ಅಂಚು ಕಂದಾಗುವವರೆಗೆ 5–6 ನಿಮಿಷ ಹುರಿದು ಎತ್ತಿಡಿ. ಹಿಂಡದೆ ಹಾಕಿದರೆ ಹುಳಿನೀರಿಗೆ ಹಾಲು ಒಡೆಯಬಹುದು, ಸಾಸೂ ನೀರಾಗುತ್ತದೆ. ಹಳೆಯ, ಹುಳಿ ಬಂದ ಕಿಮ್ಚಿಯೇ ಇದಕ್ಕೆ ಮೇಲು.

250 ಗ್ರಾಂ ಮ್ಯಾಕರೋನಿಯನ್ನು ಪ್ಯಾಕೆಟ್ ಹೇಳುವುದಕ್ಕಿಂತ 2 ನಿಮಿಷ ಮೊದಲೇ ಬಸಿಯಿರಿ.

30 ಗ್ರಾಂ ಬೆಣ್ಣೆ ಕರಗಿಸಿ, ಅಷ್ಟೇ ಮೈದಾ ಹಾಕಿ, ಬಣ್ಣ ಬದಲಾಗದಂತೆ 2 ನಿಮಿಷ ಹುರಿಯಿರಿ. ಒಂದೂವರೆ ದೊಡ್ಡ ಚಮಚ ಗೋಚುಜಾಂಗ್ ಬೆರೆಸಿ ಅರ್ಧ ನಿಮಿಷ ಕೈಯಾಡಿಸಿ, ಸಾಕು. ಅದರಲ್ಲಿ ಸಿಹಿ ಇರುವುದರಿಂದ ಬೇಗ ಸೀಯುತ್ತದೆ. 600 ಮಿಲಿ ಬೆಚ್ಚಗಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ಕಲಸಿ. ಸೌಟಿನ ಬೆನ್ನಿಗೆ ಅಂಟುವಷ್ಟು ಮಂದವಾದಾಗ ಒಲೆ ಆರಿಸಿ. ಆಮೇಲೆ ತುರಿದ ಚೆಡ್ಡಾರ್ ಚೀಸ್, ಒಟ್ಟು 225 ಗ್ರಾಂ, ಮೂರು ಪಾಲಾಗಿ ಹಾಕಿ. ಕುದಿಯುವ ಸಾಸಿಗೆ ಹಾಕಿದರೆ ಚೀಸ್ ಎಣ್ಣೆ ಬಿಟ್ಟು ತರಿತರಿಯಾಗುತ್ತದೆ. ಗಡ್ಡೆ ತಂದು ನೀವೇ ತುರಿಯಿರಿ. ತುರಿದು ಮಾರುವ ಚೀಸಿಗೆ ಪಿಷ್ಟ ಸವರಿರುತ್ತದೆ, ನುಣ್ಣಗೆ ಕರಗದು.

ಮ್ಯಾಕರೋನಿ, ಕಿಮ್ಚಿ ಕೊನೆಗೆ. ಉಪ್ಪು ರುಚಿ ನೋಡಿದ ಮೇಲಷ್ಟೇ, ಬಹುತೇಕ ಬೇಕಾಗುವುದೇ ಇಲ್ಲ. ಸಸ್ಯಾಹಾರಿಗಳು ಕಿಮ್ಚಿ ಡಬ್ಬಿಯ ಪಟ್ಟಿ ಓದಿಯೇ ಕೊಳ್ಳಿ: ಹೆಚ್ಚಿನವುಗಳಲ್ಲಿ ಮೀನಿನ ಸಾಸ್ ಅಥವಾ ಉಪ್ಪುಸೀಗಡಿ ಇರುತ್ತದೆ.