ಮ್ಯಾಜಿಸ್ಟ್ರೇಟ್ ಜಡ್ಜ್ ಸಾಕಾ, ಜಿಲ್ಲಾ ಜಡ್ಜೇ ಬೇಕಾ?

ಅಮೆರಿಕದಲ್ಲಿರುವ ನಮ್ಮ ಭಾವನ ಸೋಷಿಯಲ್ ಸೆಕ್ಯುರಿಟಿ ಅಂಗವೈಕಲ್ಯ ಭತ್ಯೆಯ ಅರ್ಜಿ, ಆ ಇಲಾಖೆಯೊಳಗಿನ ಕೊನೆಯ ಮೇಲ್ಮನವಿ ಹಂತವಾದ ಅಪೀಲ್ಸ್ ಕೌನ್ಸಿಲ್‌ನಲ್ಲೂ ಬಿದ್ದುಹೋಯಿತು. 60 ದಿನದ ಗಡುವಿನೊಳಗೆ ಫೆಡರಲ್ ಜಿಲ್ಲಾ ಕೋರ್ಟಿಗೆ ಹೋದೆವು. ಅಲ್ಲಿಂದ ಒಂದು ಫಾರಂ ಬಂತು: ಮ್ಯಾಜಿಸ್ಟ್ರೇಟ್ ಜಡ್ಜ್ ಕೇಸು ತೀರ್ಮಾನಿಸಲು ನಿಮ್ಮ ಒಪ್ಪಿಗೆ ಇದೆಯೇ?

ಅಕ್ಕನಿಗೆ ಗಾಬರಿ. "ಕೆಳಗಿನ ಜಡ್ಜ್ ಅಂದ್ರೆ ಕೇಸು ಹಗುರ ಆಗಲ್ವಾ?" ಊರಿನ ಮ್ಯಾಜಿಸ್ಟ್ರೇಟ್ ಕೋರ್ಟು ತಲೆಯಲ್ಲಿದ್ದರೆ ಹಾಗನ್ನಿಸುವುದು ಸಹಜ. ಅಮೆರಿಕದಲ್ಲಿ ಫೆಡರಲ್ ಜಿಲ್ಲಾ ಜಡ್ಜ್ ಅಧ್ಯಕ್ಷರು ನೇಮಿಸಿದವರು, ಹುದ್ದೆ ಆಜೀವ. ಮ್ಯಾಜಿಸ್ಟ್ರೇಟರನ್ನು ಆ ಜಡ್ಜ್‌ಗಳೇ 8 ವರ್ಷಕ್ಕೆ ನೇಮಿಸುತ್ತಾರೆ.

ಒಪ್ಪದಿದ್ದರೆ ದಂಡವೇನೂ ಇಲ್ಲ. ಆದರೆ ಎಷ್ಟೋ ಕಡೆ ಕಡತ ಮೊದಲು ಹೋಗುವುದು ಮ್ಯಾಜಿಸ್ಟ್ರೇಟರ ಮೇಜಿಗೇ. ಅವರು ಶಿಫಾರಸು ಬರೆಯುತ್ತಾರೆ, 14 ದಿನದೊಳಗೆ ಆಕ್ಷೇಪಣೆ ಹಾಕಬೇಕು, ಆಮೇಲೆ ಜಿಲ್ಲಾ ಜಡ್ಜ್ ಆದೇಶ. ಒಪ್ಪಿದರೆ ಮ್ಯಾಜಿಸ್ಟ್ರೇಟರದೇ ತೀರ್ಪು, ಅಪೀಲು ನೇರ ಮೇಲಿನ ಸರ್ಕಿಟ್ ಕೋರ್ಟಿಗೆ.

ಸಾಕ್ಷಿಗಳನ್ನು ಕರೆಯುವ ಮಾತೇ ಇಲ್ಲ, ವಾದವೆಲ್ಲ ಹಳೆಯ ಕಡತದ ಮೇಲೆ. ಹಾಗಾಗಿ ವಕೀಲರು ಇಬ್ಬರು ಜಡ್ಜರ ಹಿಂದಿನ ತೀರ್ಪುಗಳನ್ನೂ ತೆಗೆದು ನೋಡಿದರು. ಮ್ಯಾಜಿಸ್ಟ್ರೇಟರು ಡಾಕ್ಟರ ವರದಿಯನ್ನು ಪುಟದ ನಂಬರ್ ಸಮೇತ ಹಿಡಿದು ಪ್ರಶ್ನಿಸುವವರು. ಸಹಿ ಹಾಕಿದೆವು. ಸರ್ಕಾರದ ಕಡೆಯವರ ಒಪ್ಪಿಗೆಯೂ ಬೇಕಿತ್ತು, ಅದೂ ಬಂತು. ಕೇಸು ಈಗ ಮರುವಿಚಾರಣೆಗೆ ಸೋಷಿಯಲ್ ಸೆಕ್ಯುರಿಟಿ ಇಲಾಖೆಗೇ ವಾಪಸ್ಸಾಗಿದೆ.